ಸಂದರ್ಶನದ ಕರೆ ಬಂದಾಗ

ಮನೆಯ ಮಗನಿಗೋ ಮಗಳಿಗೋ ಸಂದರ್ಶನದ ಕರೆ ಬಂದಿತೆಂದರೆ ಅಂದಿನಿಂದ ಆ ಮನೆಯ ರೀತಿಯೇ ಬದಲಾಗುತ್ತದೆ. ತಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಾರೆ. ತಂದೆ ಪಂಚಾಂಗ ತೆರೆದು ರಾಹುಕಾಲ ನೋಡುತ್ತಾರೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ತಮ್ಮ ಕಾಲದ ಸಾಹೇಬರು ಕೇಳಿದ್ದ ಒಂದೇ ಒಂದು ಪ್ರಶ್ನೆಯನ್ನು ಹತ್ತನೆಯ ಬಾರಿಗೆ ಹೇಳಿಹೋಗುತ್ತಾರೆ. ಸೋದರಮಾವ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಡುತ್ತಾನೆ. ಉಮೇದುವಾರನಾದರೋ ದೇಶದೇಶಗಳ ರಾಜಧಾನಿಗಳನ್ನು ಉರುಹೊಡೆಯುತ್ತ, ಎದುರಿಗಿರುವ ಅನ್ನ ಆರಿಹೋದುದನ್ನೂ ಗಮನಿಸದೆ ಕುಳಿತಿರುತ್ತಾನೆ.

ಇಷ್ಟೆಲ್ಲ ಸಂಭ್ರಮದ ನಡುವೆ ಒಂದು ಕಾಗದ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು. ಕೆಲವು ತಿಂಗಳ ಹಿಂದೆ ಉಮೇದುವಾರನೇ ತುಂಬಿ ಕಳುಹಿಸಿದ ಅರ್ಜಿ ಅದು. ಸಂದರ್ಶಕರ ಮುಂದಿರುವುದು ಸೋದರಮಾವನ ಪುಸ್ತಕವಲ್ಲ, ಆ ಅರ್ಜಿ. ಪ್ರಶ್ನೆಗಳು ಹುಟ್ಟುವುದೂ ಬಹುಮಟ್ಟಿಗೆ ಅದರಿಂದಲೇ.

ಧೋಲ್ಪುರ ಹೌಸಿನ ಅರ್ಧ ಗಂಟೆ

ನಮ್ಮ ದೇಶದ ಸಂದರ್ಶನಗಳಲ್ಲೆಲ್ಲ ಅತ್ಯಂತ ಹೆಸರಾದುದು ನಡೆಯುವುದು ದೆಹಲಿಯ ಶಾಹಜಹಾನ್ ರಸ್ತೆಯ ಧೋಲ್ಪುರ ಹೌಸಿನಲ್ಲಿ. 1926ರ ಅಕ್ಟೋಬರ್ 1ರಂದು ಸ್ಥಾಪಿತವಾದ ಲೋಕಸೇವಾ ಆಯೋಗವೇ 1950ರಲ್ಲಿ ಗಣರಾಜ್ಯದೊಡನೆ ಕೇಂದ್ರ ಲೋಕಸೇವಾ ಆಯೋಗವಾಯಿತು. ಐ.ಎ.ಎಸ್., ಐ.ಪಿ.ಎಸ್. ಮೊದಲಾದ ಸೇವೆಗಳಿಗೆ ಅಭ್ಯರ್ಥಿಗಳನ್ನು ಅದು ಮೂರು ಹಂತಗಳಲ್ಲಿ ಸೋಸುತ್ತದೆ. ಪೂರ್ವಭಾವಿ ಪರೀಕ್ಷೆ ಮತ್ತು ಮುಖ್ಯ ಪರೀಕ್ಷೆಗಳ ಬಳಿಕ ಬರುವ ಕೊನೆಯ ಹಂತವೇ ಸಂದರ್ಶನ. ಆಯೋಗ ಇದನ್ನು ವ್ಯಕ್ತಿತ್ವ ಪರೀಕ್ಷೆಯೆಂದು ಕರೆಯುತ್ತದೆ.

2013ರಿಂದ ಮುಖ್ಯ ಪರೀಕ್ಷೆಗೆ 1,750 ಅಂಕಗಳು, ಸಂದರ್ಶನಕ್ಕೆ 275. ಒಟ್ಟು 2,025ರಲ್ಲಿ ಸಂದರ್ಶನದ ಪಾಲು ನೂರಕ್ಕೆ ಹದಿನಾಲ್ಕೂ ಇಲ್ಲ. ಆದರೂ ಅದರ ಭಯ ಎಲ್ಲಕ್ಕಿಂತ ಮಿಗಿಲು. ಕಾರಣವಿಲ್ಲದೆಯೂ ಇಲ್ಲ. ಹುದ್ದೆಗಳ ಸಂಖ್ಯೆಗೆ ಸುಮಾರು ಇಮ್ಮಡಿಯಷ್ಟು ಮಂದಿಯನ್ನು ಕರೆಯುವುದರಿಂದ, ಆ ಬಾಗಿಲವರೆಗೆ ಬಂದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಬರಿಗೈಯಲ್ಲಿ ಮರಳಬೇಕು. ಮರಳಿದವರಿಗೆ ಹಿಂದೆ ಏರಿದ ಮೆಟ್ಟಿಲುಗಳು ನೆರವಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಪೂರ್ವಭಾವಿ ಪರೀಕ್ಷೆಯಿಂದಲೇ ಆರಂಭ. ಎರಡು ಮೂರು ವರ್ಷಗಳ ಓದು, ತಂದೆಯ ಉಳಿತಾಯದ ಹಣ, ತಂಗಿಯ ಮುಂದೂಡಿದ ಮದುವೆ, ಇವೆಲ್ಲವೂ ಆ ಅರ್ಧ ಗಂಟೆಯ ಮೇಲೆ ಭಾರ ಹಾಕಿ ಕುಳಿತಿರುತ್ತವೆ.

ಮಂಡಲಿಯಲ್ಲಿ ಆಯೋಗದ ಸದಸ್ಯರೊಬ್ಬರು ಅಧ್ಯಕ್ಷರಾಗಿರುತ್ತಾರೆ. ಜೊತೆಗೆ ಬೇರೆ ಬೇರೆ ಕ್ಷೇತ್ರಗಳ ಅನುಭವಿಗಳು ಇರುತ್ತಾರೆ. ಅಭ್ಯರ್ಥಿ ಲಿಖಿತ ಪರೀಕ್ಷೆಯಲ್ಲಿ ಗಳಿಸಿದ ಅಂಕಗಳನ್ನು ಅವರಿಗೆ ತಿಳಿಸುವುದಿಲ್ಲ. ಅವರಿಗೆ ಬೇಕಾದುದೂ ಜ್ಞಾನದ ಮರುಪರೀಕ್ಷೆಯಲ್ಲ. ಅದು ಲಿಖಿತ ಪರೀಕ್ಷೆಯಲ್ಲೇ ಮುಗಿದಿದೆ. ಇದು ಪಾಟೀಸವಾಲಲ್ಲ, ಉದ್ದೇಶವುಳ್ಳ ಸಹಜ ಸಂಭಾಷಣೆ ಎಂಬುದು ಆಯೋಗದ ಪ್ರಕಟಣೆಯ ಆಶಯ. ಬುದ್ಧಿಯ ಚುರುಕು, ವಿಚಾರದ ಸ್ಪಷ್ಟತೆ, ತೀರ್ಮಾನದಲ್ಲಿ ಸಮತೂಕ, ಆಸಕ್ತಿಗಳ ವೈವಿಧ್ಯ ಮತ್ತು ಪ್ರಾಮಾಣಿಕತೆ ಇವನ್ನು ಮಂಡಲಿ ಅಳೆಯುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಕನ್ನಡದಲ್ಲಿಯೇ ಉತ್ತರಿಸಲು ಅವಕಾಶವಿದೆ. ಅದಕ್ಕೆ ದುಭಾಷಿಯ ನೆರವೂ ಉಂಟು. ಇಂಗ್ಲಿಷಿನ ಭಯದಿಂದ ಕೈಚೆಲ್ಲಬೇಕಾದ ಕಾರಣವಿಲ್ಲ.

ತನ್ನ ಊರನ್ನು ತಾನು ಬಲ್ಲೆನೆ?

ಅಭ್ಯರ್ಥಿ ಕೋಲಾರದ ಚಿನ್ನದ ಗಣಿ ಪ್ರದೇಶದವನೆನ್ನಿ. ಅರ್ಜಿಯಲ್ಲಿ ಹುಟ್ಟೂರಿನ ಹೆಸರಿದೆ. ಮಂಡಲಿಯ ಒಬ್ಬರು ಕನ್ನಡಕ ಸರಿಪಡಿಸಿಕೊಂಡು ನಗುಮುಖದಿಂದ ಕೇಳಬಹುದು: "ನಿಮ್ಮ ಊರಿನ ಗಣಿಯನ್ನು ಏಕೆ ಮುಚ್ಚಿದರು?" ಮಂಗೋಲಿಯದ ರಾಜಧಾನಿಯನ್ನು ಬಲ್ಲ ಹುಡುಗ ಇಲ್ಲಿ ತಡವರಿಸಿದರೆ ಅದಕ್ಕಿಂತ ವ್ಯಥೆ ಬೇರೊಂದಿಲ್ಲ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಹರಿದುಬಂದುದು ಆ ಗಣಿಗಳಿಗೇ. ಅಲ್ಲಿ ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರು ಇಳಿದು ದುಡಿದಿದ್ದಾರೆ. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು. 2001ರಲ್ಲಿ ಗಣಿ ಮುಚ್ಚಿತು. ಇಷ್ಟು ವಿಷಯ ಪುಸ್ತಕದಲ್ಲಿ ಸಿಕ್ಕುತ್ತದೆ. ಆದರೆ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ನೆರೆಹೊರೆಯವರ ಬಾಳು, ಊರಂಚಿನ ಸೈನೈಡ್ ದಿಬ್ಬಗಳಿಂದ ಬೇಸಿಗೆಯಲ್ಲಿ ಏಳುವ ಧೂಳು, ಇವು ಅವನು ಕಣ್ಣಾರೆ ಕಂಡವು. ಇವನ್ನು ಕ್ರಮವಾಗಿ ಹೇಳಿ, ತಾನು ಅಲ್ಲಿಯ ಅಧಿಕಾರಿಯಾದರೆ ಮೊದಲು ಏನು ಮಾಡುವೆನೆಂದು ಎರಡು ಮಾತು ಸೇರಿಸಿದರೆ ಮಂಡಲಿಗೆ ಬೇಕಾದುದು ದೊರೆತಂತೆಯೇ.

ಹವ್ಯಾಸದ ಅಂಕಣವೂ ಹೀಗೆಯೇ. ಅಂದವಾಗಿ ಕಾಣಲೆಂದು "ಕರ್ನಾಟಕ ಸಂಗೀತ" ಎಂದು ಬರೆದವಳನ್ನು, "ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಏಕೆ ಹೇಳಿಕೊಡುತ್ತಾರೆ?" ಎಂದು ಕೇಳಿದರೆ ಸುಳ್ಳು ಬಯಲಾಗಲು ಒಂದು ನಿಮಿಷ ಸಾಕು. ನಿಜವಾಗಿ ಕಲಿತವಳಾದರೆ ಅದೇ ಪ್ರಶ್ನೆಗೆ ಅವಳ ಮುಖ ಅರಳುತ್ತದೆ. ಬಾಲ್ಯದ ಹವ್ಯಾಸವೊಂದು ಬಿಟ್ಟುಹೋಗಿದ್ದರೆ "ಬಿಟ್ಟುಹೋಗಿದೆ" ಎನ್ನುವುದೇ ಲೇಸು.

ಆದುದರಿಂದ ಸಿದ್ಧತೆಯ ಮೊದಲ ಕೆಲಸ ಅರ್ಜಿಯ ಪ್ರತಿಯನ್ನು ಮುಂದಿಟ್ಟುಕೊಳ್ಳುವುದು. ಹೆಸರು, ಊರು, ಕಾಲೇಜು, ಓದಿದ ವಿಷಯ, ಹಿಂದಿನ ನೌಕರಿ, ನಡುವೆ ಖಾಲಿ ಹೋದ ವರ್ಷ, ಹೀಗೆ ಪ್ರತಿ ಸಾಲಿನ ಎದುರಿಗೂ ಅಪರಿಚಿತನೊಬ್ಬ ಕೇಳಬಹುದಾದ ಐದು ಪ್ರಶ್ನೆಗಳನ್ನು ಬರೆಯಬೇಕು. ಉತ್ತರಗಳನ್ನು ವಾಕ್ಯರೂಪದಲ್ಲಿ ಬಾಯಿಪಾಠ ಮಾಡಬಾರದು. ಮುಖ್ಯಾಂಶಗಳನ್ನು ಮಾತ್ರ ನೆನಪಿಡಬೇಕು. ಬಾಯಿಪಾಠದ ಉತ್ತರದಲ್ಲಿ ಒಂದು ಪದ ಜಾರಿದರೆ ಉಳಿದ ಪದಗಳೆಲ್ಲ ಅದರ ಹಿಂದೆಯೇ ಜಾರುತ್ತವೆ.

"ಗೊತ್ತಿಲ್ಲ" ಎಂಬ ಉತ್ತರ

ಅಭ್ಯರ್ಥಿಗಳು ಅತ್ಯಂತ ಹೆದರುವ ಮಾತು ಇದು. ತಿಳಿಯದುದನ್ನು "ಕ್ಷಮಿಸಿ, ಇದು ನನಗೆ ತಿಳಿಯದು" ಎಂದು ನೆಟ್ಟಗೆ ಹೇಳಿದರೆ ಒಂದು ಪ್ರಶ್ನೆ ಮಾತ್ರ ಕೈತಪ್ಪುತ್ತದೆ. ಊಹೆಯನ್ನು ಸತ್ಯವೆಂದು ಸಾಧಿಸಹೊರಟರೆ ನಂಬಿಕೆಯೇ ಕೈತಪ್ಪುತ್ತದೆ. ನಾಳೆ ಒಂದು ಜಿಲ್ಲೆಯ ಕಡತಗಳಿಗೆ ಸಹಿ ಹಾಕಬೇಕಾದವರು ತಿಳಿಯದುದನ್ನು ತಿಳಿದಂತೆ ನಟಿಸಿದರೆ ಪೆಟ್ಟು ಬೀಳುವುದು ಬಡ ಪ್ರಜೆಯ ಮೇಲೆ. ಎದುರಿಗೆ ಕುಳಿತ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ವಾದಕ್ಕೆಡೆಯಿರುವ ವಿಷಯ ಬಂದಾಗ ಎರಡು ಪಕ್ಷಗಳನ್ನೂ ಹೇಳಿ, ಬಳಿಕ ತನ್ನ ಅಭಿಪ್ರಾಯವನ್ನು ವಿನಯದಿಂದ ಮುಂದಿಡುವುದು ಸರಿಯಾದ ದಾರಿ.

ಬೇರೆ ಬಾಗಿಲುಗಳು

ಎಲ್ಲ ನೌಕರಿಗೂ ಸಂದರ್ಶನವಿಲ್ಲ. ಪಕ್ಷಪಾತದ ದೂರುಗಳನ್ನೂ ಬಡ ಅಭ್ಯರ್ಥಿಗಳ ಅಲೆದಾಟವನ್ನೂ ತಪ್ಪಿಸಲೆಂದು ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಅದನ್ನು ಕೈಬಿಟ್ಟಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿಗಳ ಸಾಮಾನ್ಯ ನೇಮಕಾತಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕವಿದೆ.

ಖಾಸಗಿ ಕಂಪೆನಿಗಳಲ್ಲಿ "ಕಷ್ಟದ ಕೆಲಸವೊಂದನ್ನು ಹೇಗೆ ನಿಭಾಯಿಸಿದಿರಿ?" ಎಂಬ ಬಗೆಯ ಪ್ರಶ್ನೆ ಸಾಮಾನ್ಯ. ಸಂದರ್ಭ ಯಾವುದು, ತನ್ನ ಹೊಣೆಯೇನು, ತಾನು ಮಾಡಿದುದೇನು, ಫಲವೇನು ಎಂಬ ಈ ನಾಲ್ಕು ಮೆಟ್ಟಿಲುಗಳಲ್ಲಿ ಹೇಳಿದರೆ ಉತ್ತರ ಹಾದಿ ತಪ್ಪುವುದಿಲ್ಲ. "ನಾವು ಮಾಡಿದೆವು" ಎಂಬಲ್ಲಿ ತನ್ನ ಪಾಲೆಷ್ಟೆಂಬುದನ್ನು ಸ್ಪಷ್ಟಪಡಿಸಬೇಕು. ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮುಂದೆ ನಡೆಯುವ ಸಂದರ್ಶನವಾದರೆ ಬೆಳಕು ಮುಖದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಆ ಹೊತ್ತಿಗೆ ಅಡಿಗೆಮನೆಯ ಕುಕ್ಕರು ಕೂಗದಂತೆ ಮೊದಲೇ ಹೇಳಿಟ್ಟಿರಬೇಕು.

ಮನೆಯವರ ಪಾಲು

ಮಾತಿನ ಅಭ್ಯಾಸಕ್ಕೆ ಮನೆಯವರಿಗಿಂತ ಒಳ್ಳೆಯ ಮಂಡಲಿ ಇಲ್ಲ. ಊಟದ ಬಳಿಕ ತಂದೆ ಅರ್ಜಿ ಹಿಡಿದು ಪ್ರಶ್ನೆ ಕೇಳಲಿ. ಮಗಳ ಉತ್ತರ ಅಜ್ಜಿಗೆ ಅರ್ಥವಾಯಿತೆಂದರೆ ಮಂಡಲಿಗೂ ಅರ್ಥವಾಗುತ್ತದೆ. ಮೂಲ ಪ್ರಮಾಣಪತ್ರಗಳು, ಅವುಗಳ ಪ್ರತಿಗಳು ಮತ್ತು ಕರೆಯ ಪತ್ರ ಹಿಂದಿನ ದಿನವೇ ಒಂದು ಚೀಲ ಸೇರಲಿ. ಹೊಸ ಬಟ್ಟೆ, ಹೊಸ ಷೂ ಅಂದೇ ಮೊದಲ ಬಾರಿಗೆ ತೊಡುವುದು ಬೇಡ. ಒಂದು ದಿನ ತೊಟ್ಟು ನಡೆದು ನೋಡಲಿ. ರಾಹುಕಾಲಕ್ಕೆ ಮುಂಚೆಯೇ ಹೊರಡಿಸುವ ಹಿರಿಯರ ಹಟದಿಂದ ಒಂದು ಲಾಭವಂತೂ ಉಂಟು: ಹುಡುಗ ಹೊತ್ತಿಗೆ ಮುಂಚೆಯೇ ತಲಪುತ್ತಾನೆ!

"ಎದುರುಮನೆಯ ಹುಡುಗ ಒಂದೇ ಸಲಕ್ಕೆ ಗೆದ್ದ" ಎಂಬ ಮಾತನ್ನು ಮಾತ್ರ ಆ ದಿನಗಳಲ್ಲಿ ಯಾರೂ ಆಡಬಾರದು. ಅರ್ಧ ಗಂಟೆಯ ಸಂಭಾಷಣೆ ಒಂದು ಹುದ್ದೆಯನ್ನು ತೀರ್ಮಾನಿಸಬಲ್ಲುದೇ ಹೊರತು ಒಬ್ಬ ಮನುಷ್ಯನ ಬೆಲೆಯನ್ನಲ್ಲ. ಇದನ್ನು ಅಭ್ಯರ್ಥಿ ಮರೆತರೂ ಮನೆಯವರು ಮರೆಯಬಾರದು. ಸಂಜೆ ಬಾಗಿಲು ತಟ್ಟುವ ಸದ್ದಾದಾಗ "ಏನಾಯಿತು?" ಎಂಬ ಪ್ರಶ್ನೆ ಎಲ್ಲರ ನಾಲಗೆಯ ತುದಿಗೆ ಬರುವುದು ಸಹಜ. ಅದನ್ನು ಒಂದು ಗಳಿಗೆ ತಡೆದು "ಕೈಕಾಲು ತೊಳೆದುಕೊ ಬಾ, ಊಟಕ್ಕೆ ಬಡಿಸುತ್ತೇನೆ" ಎನ್ನುವ ತಾಯಿಯಿರುವ ಮನೆಯಿಂದ ಹೊರಟವರು ಮುಂದಿನ ಸಂದರ್ಶನಕ್ಕೂ ತಲೆಯೆತ್ತಿ ನಡೆಯುತ್ತಾರೆ.