ಹೋಯ್ತು... ಬಂತು!

ಒಂದೂವರೆ ವರ್ಷದ ಮಗು. ಅಮ್ಮ ಹೊರಗೆ ಹೋದರೂ ಅಳೋದಿಲ್ಲ. ದಾರ ಕಟ್ಟಿದ ಮರದ ರೀಲನ್ನು ಪರದೆಯ ತೊಟ್ಟಿಲೊಳಗೆ ಎಸೆದು 'ಓ...' ಅನ್ನುತ್ತೆ. ದಾರ ಎಳೆದು, ರೀಲು ಕಂಡ ಕೂಡಲೇ ಖುಷಿಯಿಂದ 'ದಾ!'

ಆ 'ಓ...' ಅನ್ನೋದು 'ಫೋರ್ಟ್' ಅನ್ನುವ ಪ್ರಯತ್ನ. ಜರ್ಮನ್‌ನಲ್ಲಿ 'ಫೋರ್ಟ್' ಅಂದರೆ ಹೋಯ್ತು. 'ದಾ' ಅಂದರೆ ಇಲ್ಲಿದೆ.

ನೋಡುತ್ತಿದ್ದವರು ತಾತ, ಸಿಗ್ಮಂಡ್ ಫ್ರಾಯ್ಡ್. 1920ರಲ್ಲಿ ಇದನ್ನು ಬರೆದರು. ಅಮ್ಮನನ್ನು ತಡೆಯೋಕೆ ಮಗುವಿಗೆ ಆಗಲ್ಲ. ಆದರೆ ರೀಲನ್ನು ಕಳಿಸೋದು, ಕರೆಸೋದು ಅದರ ಕೈಯಲ್ಲೇ ಇದೆ. ಸುಮ್ಮನೆ ಸಹಿಸಬೇಕಿದ್ದ ಅಗಲಿಕೆ ಈಗ ತಾನೇ ನಡೆಸುವ ಆಟ. ವ್ಯಕ್ತಿತ್ವ ಮೊಳೆಯುವ ಜಾಗ ಇದು.

ನನ್ನನ್ನು ಕಾಡೋದು ಇನ್ನೊಂದು: ಬಹಳ ಸಲ ಮಗು ಎಸೆಯೋದನ್ನಷ್ಟೇ ಆಡುತ್ತಿತ್ತು.

ಆ ಮಗು, ಎರ್ನ್‌ಸ್ಟ್, ಮುಂದೆ ತಾವೂ ಮನೋವಿಶ್ಲೇಷಕರಾದರು. ಅವಧಿಗೆ ಮುನ್ನ ಹುಟ್ಟಿ, ಅಮ್ಮನಿಂದ ದೂರ ಮಲಗಿದ ಶಿಶುಗಳ ಬಗ್ಗೆ ಕೆಲಸ ಮಾಡಿದರು.