ಊರ ದಾರಿಯಲ್ಲೇ ಇರುವ ಗಣಪತಿಪುಳೆ

ಪುಣೆಯಲ್ಲಿ ನೆಲೆಸಿರುವ ಕರಾವಳಿಯ ಬಂಧುಗಳಿಗೆ ರತ್ನಾಗಿರಿ ಹೊಸ ಹೆಸರೇನಲ್ಲ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ನಿದ್ದೆಗಣ್ಣಿನಲ್ಲಿ ಕಾಣುವ ನಿಲ್ದಾಣವದು. ಕೊಲ್ಹಾಪುರ, ಬೆಳಗಾವಿ ಮಾರ್ಗದ ಬಸ್ಸು ಹಿಡಿದವರಿಗೆ ಅಷ್ಟೂ ಇಲ್ಲ. ವಿಜಯಪುರ, ಕಲಬುರಗಿ ಕಡೆಯವರಿಗಂತೂ ಕಡಲೆಂದರೆ ಮಕ್ಕಳ ರಜೆಯಲ್ಲಿ ಅಪರೂಪಕ್ಕೆ ನೋಡುವಂಥದ್ದು. ಈ ಎರಡೂ ಕಡೆಯ ಕುಟುಂಬಗಳು ಜೊತೆಯಾಗಿ ಹೊರಟು ಎರಡು ದಿನ ಕಳೆದು ಬರಲು ತಕ್ಕ ಊರು ಗಣಪತಿಪುಳೆ.

ಪುಣೆಯಿಂದ ರತ್ನಾಗಿರಿಗೆ ಸುಮಾರು 300 ಕಿ.ಮೀ. ಸಾತಾರಾ, ಕರಾಡ್, ಮಲಕಾಪುರ ದಾಟಿ ಆಂಬಾ ಘಾಟಿ ಇಳಿದರೆ ಪಾಲಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ. ಹಳಬರು 17 ಎಂದೇ ಕರೆಯುವ, ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ನಮ್ಮೂರಿನ ಹೆದ್ದಾರಿಯೇ ಅದು.

ರತ್ನಾಗಿರಿಯಲ್ಲಿ ಥೀಬಾ ಅರಮನೆಗೆ ಅರ್ಧ ಗಂಟೆ ಕೊಡಬೇಕು. ಬ್ರಹ್ಮದೇಶದ ಕೊನೆಯ ದೊರೆ ಥೀಬಾನನ್ನು 1885ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿ ಮರುವರ್ಷ ಇಲ್ಲಿಗೆ ತಂದಿಟ್ಟರು. ಅರಮನೆ ಸಿದ್ಧವಾದದ್ದು 1910ರಲ್ಲಿ, ಆತ ತೀರಿಕೊಂಡದ್ದು 1916ರಲ್ಲಿ. ಮೂವತ್ತು ವರ್ಷ ಪರಊರಿನಲ್ಲಿದ್ದವನಿಗೆ ಊರಿನ ದಾರಿ ಮತ್ತೆ ಸಿಗಲೇ ಇಲ್ಲ.

ಇಲ್ಲಿಂದ ಗಣಪತಿಪುಳೆಗೆ ಆರೆ-ವಾರೆ ಮಾರ್ಗವಾಗಿ ಸುಮಾರು 25 ಕಿ.ಮೀ. ನಿಜವಾದ ಪ್ರವಾಸ ಈ ಇಷ್ಟು ದೂರದ್ದೇ. ಮರವಂತೆಯಲ್ಲಿ ಹೆದ್ದಾರಿ ಕಡಲ ಮಟ್ಟದಲ್ಲೇ ಓಡಿದರೆ, ಇಲ್ಲಿ ರಸ್ತೆ ಗುಡ್ಡದ ಹೆಗಲೇರಿ ಹೋಗುತ್ತದೆ. ಒಂದು ತಿರುವಿನಲ್ಲಿ ಗಾಳಿಮರದ ತೋಪು, ಇನ್ನೊಂದರಲ್ಲಿ ಹಿನ್ನೀರಿನ ಸೇತುವೆ, ಮತ್ತೆ ಏರು ಹತ್ತಿದರೆ ಕೆಳಗೆ ಒಂದು ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಮರಳದಂಡೆಗಳು. ರಸ್ತೆ ಕಿರಿದು, ಚಾಲಕನಿಗೆ ಮಾತ್ರ ಕಡಲು ನೋಡುವ ಭಾಗ್ಯವಿಲ್ಲ. ಅವನನ್ನೂ ಒಂದೆಡೆ ಇಳಿಸಿ ನೋಡಲು ಬಿಡುವುದು ನ್ಯಾಯ.

ಗಣಪತಿಪುಳೆಯ ಸ್ವಯಂಭೂ ಗಣಪತಿಯ ದೇವಸ್ಥಾನ ಪಶ್ಚಿಮಾಭಿಮುಖವಾಗಿ ಕಡಲ ದಂಡೆಯಲ್ಲೇ ಇದೆ. ಹಿಂದಿನ ಗುಡ್ಡವನ್ನೇ ದೇವರೆಂದು ನಂಬಿರುವುದರಿಂದ ಭಕ್ತರು ಗುಡ್ಡಕ್ಕೇ ಪ್ರದಕ್ಷಿಣೆ ಬರುತ್ತಾರೆ. ದಾರಿ ಸುಮಾರು ಒಂದು ಕಿ.ಮೀ., ಹಿರಿಯರೂ ನಿಧಾನವಾಗಿ ನಡೆಯಬಹುದು.

ದರ್ಶನ ಮುಗಿಸಿ ಹೊರಬಂದವರು ನೇರ ನೀರಿಗೆ ಇಳಿಯುತ್ತಾರೆ. ಎಚ್ಚರ ಬೇಕಾದದ್ದು ಇಲ್ಲಿಯೇ. ದಂಡೆಗೆ ಬಡಿದ ಅಲೆಗಳ ನೀರು ಹಿಂದಕ್ಕೆ ಹೋಗುವಾಗ ಕೆಲವೆಡೆ ಕಿರಿದಾದ ಕಾಲುವೆಯಂತೆ ಹರಿಯುತ್ತದೆ. ಅಲ್ಲಿ ಅಲೆ ಹೆಚ್ಚು ಒಡೆಯದ ಕಾರಣ ನೀರು ಶಾಂತವಾಗಿ ಕಾಣುತ್ತದೆ, ತಿಳಿಯದವರು ಅಲ್ಲಿಗೇ ಹೋಗುತ್ತಾರೆ. ಆ ಸೆಳವಿಗೆ ಸಿಕ್ಕವರು ದಂಡೆಯತ್ತ ಎದುರೀಜಲು ಹೋಗಿ ಸೋತು ಮುಳುಗುವುದೇ ಹೆಚ್ಚು. ದಂಡೆಗೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಪಕ್ಕಕ್ಕೆ ಸರಿಯಬೇಕು. ಹೊಳೆಯಲ್ಲಿ ಈಜು ಕಲಿತ ನಮ್ಮ ಕರಾವಳಿಯವರಿಗೂ ಇದು ಗೊತ್ತಿರುತ್ತದೆ ಎನ್ನುವಂತಿಲ್ಲ. ಮಳೆಗಾಲ ಕಳೆದರೆ ಅಪಾಯ ಕಳೆಯಿತು ಎಂಬ ಮಾತೂ ಸುಳ್ಳು. 2016ರ ಫೆಬ್ರವರಿ 1ರಂದು ಇದೇ ಕೊಂಕಣದ ಮುರುಡ್ ಕಡಲಲ್ಲಿ ಪುಣೆಯಿಂದ ವಿಹಾರಕ್ಕೆ ಹೋಗಿದ್ದ 14 ಮಂದಿ ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. ಇಲ್ಲಿ ಉಬ್ಬರಕ್ಕೆ ಭರತಿ, ಇಳಿತಕ್ಕೆ ಓಹೋಟಿ ಎನ್ನುತ್ತಾರೆ. ಈ ಎರಡು ಪದ ತಿಳಿದುಕೊಂಡು, ಅಂದಿನ ವೇಳೆಯನ್ನು ಸ್ಥಳೀಯರಲ್ಲಿ ಕೇಳಿಯೇ ಮಕ್ಕಳನ್ನು ಬಿಡಬೇಕು. ಸಂಘದ ವಿಹಾರಕೂಟವಾದರೆ ದಂಡೆಯಲ್ಲಿ ನಿಂತು ತಲೆ ಎಣಿಸಲು ಇಬ್ಬರನ್ನು ಮೊದಲೇ ಗೊತ್ತುಮಾಡುವುದು ಲೇಸು.

ಊಟಕ್ಕೆ ಚಿಂತೆಯಿಲ್ಲ. ಸೋಲ್ ಕಡಿ ಕುಡಿದರೆ ನಮ್ಮ ಪುನರ್ಪುಳಿಯ ನೆನಪು, ಘಾವನ್ ಎಂದರೆ ನೀರುದೋಸೆಯ ಒಡಹುಟ್ಟು. ಸಮೀಪದ ಮಾಳಗುಂಡ ಆಧುನಿಕ ಮರಾಠಿ ಕಾವ್ಯದ ಹರಿಕಾರ ಕೇಶವಸುತರ ಹುಟ್ಟೂರು. ಇನ್ನೂ ಮುಂದಿನ ಜಯಗಡ ಕೋಟೆಯನ್ನು ಕಟ್ಟಿಸಿದವರು ವಿಜಯಪುರದ ಆದಿಲಶಾಹಿಗಳು.

ಹಿಂದಿರುಗುವಾಗ ಆಂಬಾ ಘಾಟಿಯನ್ನು ಹಗಲಲ್ಲೇ ಏರಬೇಕು. ಪಾಲಿಯಲ್ಲಿ ಎಡಕ್ಕೆ ತಿರುಗಿದರೆ ಪುಣೆ. ರಜೆ ಉಳಿದಿದ್ದವರು ತಿರುಗದೆ ನೇರ ಹೋದರೆ ಗೋವಾ, ಕಾರವಾರ, ಆಮೇಲೆ ಮರವಂತೆ.