ಮುಖ, ಮೂಲೆ, ಅಂಚು: ಅರವತ್ತು ಕಂಬದ ಗುಡಿಯ ಲೆಕ್ಕ

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇವಸ್ಥಾನ ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ. ಬಂದವರೆಲ್ಲ ಕಂಬ ಎಣಿಸುತ್ತಾರೆ. ಗಣಿತದ ಮಾಸ್ತರನಾದ ನಾನು ಹುಡುಗರಿಗೆ ಬೇರೆಯೇ ಕೆಲಸ ಹಚ್ಚುತ್ತೇನೆ: ‘ಒಂದ ಕಂಬ ಹಿಡೀರಿ. ಅದರ ಮುಖ, ಮೂಲಿ, ಅಂಚು ಎಣಿಸ್ರಿ.’

‘ಸರ, ದುಂಡಗಿದ್ದಲ್ಲಿ ಹ್ಯಾಂಗ್ರಿ?’

ಅದನ್ನು ಬಿಡಬೇಕು. ಚಾಲುಕ್ಯ ಶಿಲ್ಪಿಗಳು ತಿರುಗಣಿಯಲ್ಲಿ ಕಡೆದು ಕನ್ನಡಿಯಂತೆ ಹೊಳಪಿಸಿದ ಭಾಗ ನೋಡಲು ಚೆಂದ, ನಮ್ಮ ಲೆಕ್ಕಕ್ಕೆ ಬಾರದು. ಬಹುಮುಖಿ ಘನವೆಂದರೆ ಮುಖಗಳೆಲ್ಲ ಸಪಾಟಾಗಿರಬೇಕು, ಎರಡು ಮುಖ ಕೂಡುವಲ್ಲಿ ನೇರ ಅಂಚು ಇರಬೇಕು.

ಕಂಬಗಳನ್ನು ಹೀಗೆ ವಿಂಗಡಿಸುವುದು ಹೊಸದೇನಲ್ಲ. ‘ಮಾನಸಾರ’ ಎಂಬ ಶಿಲ್ಪಶಾಸ್ತ್ರ ಗ್ರಂಥದಲ್ಲಿ ಚೌಕ ಕಂಬ ಬ್ರಹ್ಮಕಾಂತ, ಐದು ಪಟ್ಟಿಯದು ಶಿವಕಾಂತ, ಆರರದು ಸ್ಕಂದಕಾಂತ, ಎಂಟರದು ವಿಷ್ಣುಕಾಂತ, ಹದಿನಾರರದು ರುದ್ರಕಾಂತ.

ಚೌಕ ಕಂಬಕ್ಕೆ 6 ಮುಖ, 8 ಮೂಲೆ, 12 ಅಂಚು. ಉದ್ದನೆಯ ನಾಲ್ಕೂ ಅಂಚು ಸವರಿ ಎಂಟು ಪಟ್ಟಿ ಮಾಡಿದರೆ 10, 16, 24. ಆ ಎಂಟನ್ನೂ ಸವರಿದರೆ 18, 32, 48. ಮುಖಕ್ಕೆ ಮೂಲೆ ಕೂಡಿಸಿ ಅಂಚು ಕಳೆಯಿರಿ, ಮೂರರಲ್ಲೂ 2 ಉಳಿಯುತ್ತದೆ. ಈ ನಿಯಮವನ್ನು ಲಿಯೊನಾರ್ಡ್ ಆಯ್ಲರ್ 1750ರಲ್ಲಿ ಗೋಲ್ಡ್‌ಬಾಕ್‌ಗೆ ಪತ್ರ ಬರೆದು ತಿಳಿಸಿದ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ನನ್ನ ತಕರಾರು ಏನೆಂದರೆ, ಪಾಠ ಅಲ್ಲಿಗೇ ನಿಂತುಬಿಡುತ್ತದೆ.

ಸೂತ್ರ ಸರಿಯೋ ಎಂದು ತಾಳೆ ನೋಡಿದ ಮಾತ್ರಕ್ಕೆ ಘನದ ಗುರುತು ಸಿಕ್ಕಂತಲ್ಲ. ಒಂದು ಬಟಾಟೆ ತಗೊಂಡು ನಾಲ್ಕೇ ತ್ರಿಕೋನ ಮುಖ ಉಳಿಯುವಂತೆ ಕೊಯ್ಯಿರಿ: 4 ಮುಖ, 4 ಮೂಲೆ, 6 ಅಂಚು. ಒಂದು ಮೂಲೆ ಕತ್ತರಿಸಿ ಹಾಕಿ. ಮುಖ ಒಂದು, ಮೂಲೆ ಎರಡು, ಅಂಚು ಮೂರು ಹೆಚ್ಚುತ್ತವೆ. ಬಾಕಿ ಮಾತ್ರ 2 ಇದ್ದದ್ದು 2. ಈಗ ಅದು 5, 6, 9. ಮೂಲ ಮೂಲೆಗಳಲ್ಲಿ ಇನ್ನೊಂದನ್ನು ತೆಗೆಯಿರಿ: 6, 8, 12. ಅಂಕಿಗಳು ಚೌಕ ಕಂಬದವೇ! ಕೈಯಲ್ಲಿರುವುದು ಮಾತ್ರ ಎರಡು ತ್ರಿಕೋನ, ಎರಡು ಚತುರ್ಭುಜ, ಎರಡು ಪಂಚಭುಜ ಮುಖಗಳ ಸೊಟ್ಟ ತುಂಡು. ಆದ್ದರಿಂದ ಮುಖ ಎಷ್ಟು ಎಂದಷ್ಟೇ ಕೇಳಿದರೆ ಸಾಲದು, ಎಂಥವು, ಹೇಗೆ ಕೂಡಿವೆ ಎಂದೂ ಕೇಳಬೇಕು. ಹಾಗೆ ವಿಂಗಡಿಸಿದಾಗ ಒಳಕ್ಕೆ ತಗ್ಗಿಲ್ಲದ ಘನಗಳಲ್ಲಿ ನಾಲ್ಕು ಮುಖದ್ದು ಒಂದೇ ಬಗೆ, ಐದರದ್ದು 2, ಆರರದ್ದು 7, ಏಳರದ್ದು 34, ಎಂಟರದ್ದು 257.

ತೂತಿದ್ದರೆ ಸೂತ್ರವೇ ಬೇರೆ. ಹೊಸ್ತಿಲು ಸೇರಿದ ಬಾಗಿಲ ಚೌಕಟ್ಟನ್ನು, ಮೂಲೆಗಳಲ್ಲಿ ಓರೆಯಾಗಿ ಕೂಡಿಸಿದ ಗೆರೆಗಳನ್ನೂ ಹಿಡಿದು ಎಣಿಸಿ: 16 ಮುಖ, 16 ಮೂಲೆ, 32 ಅಂಚು. ಬಾಕಿ ಸೊನ್ನೆ.

ಸೂತ್ರದ ನಿಜವಾದ ಉಪಯೋಗ ಇಲ್ಲದ್ದನ್ನು ಇಲ್ಲವೆಂದು ಹೇಳುವುದರಲ್ಲಿದೆ. ಆರು ಅಂಚಿನ ಘನ ಇದೆ, ಎಂಟರದ್ದೂ ಇದೆ. ಏಳರದ್ದು? ಪ್ರತಿ ಮುಖಕ್ಕೆ ಕನಿಷ್ಠ ಮೂರು ಅಂಚು, ಪ್ರತಿ ಅಂಚಿಗೆ ಎರಡು ಮುಖ. ಏಳು ಅಂಚಿದ್ದರೆ 14ನ್ನು 3ರಿಂದ ಭಾಗಿಸಿ, ಮುಖ ನಾಲ್ಕನ್ನು ಮೀರಲಾರವು. ಪ್ರತಿ ಮೂಲೆಗೂ ಕನಿಷ್ಠ ಮೂರು ಅಂಚು ಬೇಕಾದ್ದರಿಂದ ಮೂಲೆಯೂ ನಾಲ್ಕೇ. ಕೂಡಿದರೆ ಹೆಚ್ಚೆಂದರೆ ಎಂಟು, ಸೂತ್ರ ಕೇಳುವುದು ಒಂಬತ್ತು. ಹಾಗಾಗಿ ಏಳು ಅಂಚಿನ ತೂತಿಲ್ಲದ ಘನವನ್ನು ಯಾವ ಶಿಲ್ಪಿಯೂ ಕಡೆಯಲಾರ.